ತಂತಿಯ ತುದಿಯ ಡಬ್ಬಿ ಯಾರದು?

ಇಂಟರ್ನೆಟ್ ಸಂಪರ್ಕ ಇರುವ ಮನೆಯಲ್ಲೆಲ್ಲ ಈಗ ಒಂದು ಡಬ್ಬಿ ಇರುತ್ತದೆ. ಟೀವಿಯ ಹಿಂದೆಯೋ, ಕರೆಂಟಿನ ಮೀಟರ್ ಬೋರ್ಡಿನ ಪಕ್ಕದಲ್ಲೋ, ಅಟ್ಟದ ಅಂಚಿನಲ್ಲೋ ಧೂಳು ಹೊದ್ದು ಕುಳಿತಿರುತ್ತದೆ. ಅದರ ಹಸಿರು ದೀಪಗಳು ಮಿನುಗುವಷ್ಟು ದಿನ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಮಕ್ಕಳ ಪಾಠ ನಡುವೆ ನಿಂತಾಗ, ದೂರದೇಶದಲ್ಲಿರುವ ಮಗಳ ಮುಖ ಪರದೆಯ ಮೇಲೆ ಚೌಕಚೌಕವಾಗಿ ಒಡೆದುಹೋದಾಗ ಮಾತ್ರ ಮನೆಯವರ ಕಣ್ಣು ಅತ್ತ ಹೊರಳುತ್ತದೆ. ‘ಹಳೆಯದಾಗಿದೆ, ಬದಲಾಯಿಸಿಬಿಡಿ’ ಎಂಬ ಸಲಹೆ ಕೂಡಲೇ ಸಿಗುತ್ತದೆ.

ಸಲಹೆಯೇನೋ ಸುಲಭ. ಆದರೆ ಅದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಆ ಡಬ್ಬಿ ಹಳೆಯದಾಯಿತು ಎಂದು ಹೇಳುವವರು ಯಾರು? ಅದನ್ನು ಬದಲಾಯಿಸುವ ಹಕ್ಕು ಯಾರಿಗಿದೆ, ತಂತಿ ಎಳೆದ ಕಂಪನಿಗೋ, ಡಬ್ಬಿ ಮಾಡಿದ ಕಂಪನಿಗೋ, ಮನೆಯವರಿಗೋ? ಸುಮಾರು ಎಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗಳು ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇವೆ. ಕೆಲವು ಸಲ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ನಾವು ಒಂದೇ ಎಂದುಕೊಂಡ ಡಬ್ಬಿಯಲ್ಲಿ ಸಾಮಾನ್ಯವಾಗಿ ಇಬ್ಬರು ಕೆಲಸಗಾರರು ಇರುತ್ತಾರೆ. ಹೊರಗಿನಿಂದ ಬರುವ ತಂತಿಯ ಭಾಷೆಯನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ದುಭಾಷಿ ಮೋಡೆಮ್. ಹಾಗೆ ಬಂದದ್ದನ್ನು ಮನೆಯ ಯಾವ ಫೋನಿಗೆ, ಯಾವ ಕಂಪ್ಯೂಟರಿಗೆ ಸೇರಬೇಕೋ ಅಲ್ಲಿಗೇ ತಲುಪಿಸುವವನು ರೂಟರ್. ಇವರಿಬ್ಬರ ಹುಟ್ಟು ಬೇರೆ, ವಂಶ ಬೇರೆ. ಮುಪ್ಪು ಬರುವ ರೀತಿಯೂ ಬೇರೆ.

ದನಿಯಾದ ಅಂಕಿಗಳು

ಮೋಡೆಮಿನ ಮೂಲ ಇರುವುದು ಶೀತಲ ಸಮರದ ಕಾಲದ ಅಮೆರಿಕದಲ್ಲಿ. 1950ರ ದಶಕದಲ್ಲಿ ಅಲ್ಲಿನ ವಾಯುಪಡೆ ಕಟ್ಟಿದ ‘ಸೇಜ್’ ಎಂಬ ರಕ್ಷಣಾ ವ್ಯವಸ್ಥೆಯಲ್ಲಿ ದೂರದೂರದ ರಾಡಾರ್‌ಗಳ ಮಾಹಿತಿ ಒಂದೆಡೆಯ ಕಂಪ್ಯೂಟರಿಗೆ ಬಂದು ಸೇರಬೇಕಿತ್ತು. ದೇಶದುದ್ದಕ್ಕೂ ಆಗಲೇ ಹರಡಿಕೊಂಡಿದ್ದುದು ಟೆಲಿಫೋನ್ ತಂತಿ. ಆದರೆ ಅದನ್ನು ಮಾಡಿದ್ದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಅದು ಒಯ್ಯಬಲ್ಲದು. ಕಂಪ್ಯೂಟರಿನ ಸೊನ್ನೆ, ಒಂದುಗಳನ್ನು ಈ ದಾರಿಯಲ್ಲಿ ಕಳಿಸಬೇಕಾದರೆ ಅವನ್ನು ದನಿಯಾಗಿ ಮಾರ್ಪಡಿಸಲೇಬೇಕಿತ್ತು.

ಅಮೆರಿಕದ ಟೆಲಿಫೋನ್ ಜಾಲವನ್ನು ಬಹುಪಾಲು ತನ್ನ ಕೈಯಲ್ಲಿಟ್ಟುಕೊಂಡಿದ್ದ ಎಟಿ ಅಂಡ್ ಟಿ ಸಂಸ್ಥೆ 1962ರಲ್ಲಿ ಹೊರತಂದ ‘ಬೆಲ್ 103’ ಈ ಉಪಾಯವನ್ನು ಅಚ್ಚುಕಟ್ಟಾಗಿ ಮಾಡಿತೋರಿಸಿತು. ಕರೆ ಮಾಡಿದ ಯಂತ್ರ ಸೊನ್ನೆಗೆ 1,070 ಹರ್ಟ್ಸ್, ಒಂದಕ್ಕೆ 1,270 ಹರ್ಟ್ಸ್‌ನ ದನಿ ಹೊರಡಿಸುತ್ತಿತ್ತು. ಉತ್ತರಿಸುವ ಯಂತ್ರ ಅದಕ್ಕಿಂತ ಮೇಲಿನ ಶ್ರುತಿಯಲ್ಲಿ 2,025 ಮತ್ತು 2,225 ಹರ್ಟ್ಸ್ ಬಳಸುತ್ತಿತ್ತು. ಹೀಗಾಗಿ ಇಬ್ಬರೂ ಏಕಕಾಲಕ್ಕೆ ಮಾತಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡಬರುತ್ತಿರಲಿಲ್ಲ. ವೇಗ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಇಂಗ್ಲಿಷ್ ಅಕ್ಷರ. ಇಂದಿನ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ‘ಕ್ಷ’ ಎಂಬ ಒಂದೇ ಒತ್ತಕ್ಷರ 9 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಆ ಮೋಡೆಮಿನಲ್ಲಿ ಅದೊಂದನ್ನು ಕಳಿಸುವುದಕ್ಕೇ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ಬೇಕಾಗುತ್ತಿತ್ತು.

ಆದರೆ ಆಗ ದೊಡ್ಡ ತೊಡಕಾಗಿದ್ದದ್ದು ವೇಗವಲ್ಲ. ಫೋನಿನ ತಂತಿಯೂ ಎಟಿ ಅಂಡ್ ಟಿಯದು, ಮನೆಯೊಳಗಿನ ಫೋನೂ ಅದರದೇ. ಬೇರೆಯವರ ಯಾವ ವಸ್ತುವನ್ನೂ ಅದಕ್ಕೆ ಸೇರಿಸಕೂಡದು ಎಂಬುದು ನಿಯಮ. ಮಾತು ಪಕ್ಕದವರಿಗೆ ಕೇಳದಿರಲಿ ಎಂದು ಫೋನಿನ ಬಾಯಿಗೆ ಸಿಕ್ಕಿಸುವ ‘ಹಶ್-ಎ-ಫೋನ್’ ಎಂಬ ಬಟ್ಟಲಿನಂಥ ಸಾಧನಕ್ಕೂ ಸಂಸ್ಥೆ ತಕರಾರು ತೆಗೆದಿತ್ತು. ತಂತಿಯನ್ನು ಮುಟ್ಟದ ಆ ಬಟ್ಟಲಿಗೆ 1956ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಅನುಮತಿ ಸಿಕ್ಕಿತು.

ನಿಜವಾದ ತಿರುವು ಬಂದದ್ದು ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬ ವ್ಯಾಪಾರಿಯಿಂದ. ಫೋನಿನ ರಿಸೀವರನ್ನು ಒಂದು ತೊಟ್ಟಿಲಿನಲ್ಲಿ ಮಲಗಿಸಿದರೆ ಅದರ ಮಾತು ರೇಡಿಯೋಗೆ, ರೇಡಿಯೋದ ಮಾತು ಫೋನಿಗೆ ದಾಟುವ ‘ಕಾರ್ಟರ್‌ಫೋನ್’ ಅವನ ಸಾಧನ. ದೂರದ ತೈಲಬಾವಿಗಳಲ್ಲಿ ಕೆಲಸ ಮಾಡುವವರಿಗೆ ಅದರಿಂದ ಅನುಕೂಲವಾಯಿತು. ಎಟಿ ಅಂಡ್ ಟಿ ಅಡ್ಡಿಪಡಿಸಿದಾಗ ಕಾರ್ಟರ್ ನ್ಯಾಯಾಲಯಕ್ಕೆ ಹೋದ. ಕೊನೆಗೆ ವಿವಾದ ದೂರಸಂಪರ್ಕದ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಮುಂದೆ ಬಂತು. ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಗ್ರಾಹಕ ಬಳಸಬಾರದೆನ್ನುವ ನಿಯಮ ನ್ಯಾಯಸಮ್ಮತವಲ್ಲ ಎಂದು ಕಮಿಷನ್ 1968ರಲ್ಲಿ ತೀರ್ಮಾನ ಕೊಟ್ಟಿತು.

ಮುಂದೆ 1970ರ ದಶಕದಲ್ಲಿ, ನಿಗದಿತ ಪರೀಕ್ಷೆ ಪಾಸಾಗಿ ನೋಂದಣಿಯಾದ ಯಾವ ಸಾಧನವನ್ನಾದರೂ ಗ್ರಾಹಕರೇ ಜೋಡಿಸಿಕೊಳ್ಳುವ ವ್ಯವಸ್ಥೆ ಬಂತು. ಫೋನಿನ ತಂತಿಯ ತುದಿಯಲ್ಲಿರುವ, ಟಕ್ಕೆಂದು ಕೂರುವ ಪುಟ್ಟ ಪ್ಲಗ್ಗಿಗೆ ‘ಆರ್‌ಜೆ-11’ ಎಂಬ ಹೆಸರಿದೆಯಲ್ಲ, ಅದರ ‘ಆರ್’ ಎಂದರೆ ‘ರಿಜಿಸ್ಟರ್ಡ್’, ನೋಂದಾಯಿತ. ಮನೆಯ ಡಬ್ಬಿಯ ಮೇಲೆ ಮನೆಯವರಿಗೆ ಸಿಕ್ಕಿದ ಮೊದಲ ಹಕ್ಕಿನ ಗುರುತು ಆ ಪ್ಲಗ್ಗು.

ಹಾಗೆ ತೆರೆದ ಬಾಗಿಲಿನಿಂದ 1981ರಲ್ಲಿ ‘ಹೇಯ್ಸ್ ಸ್ಮಾರ್ಟ್‌ಮೋಡೆಮ್’ ಬಂತು. ಫೋನನ್ನು ಕೈಯಿಂದ ಎತ್ತಿ ಡಯಲ್ ಮಾಡುವ ಕೆಲಸವನ್ನು ಕಂಪ್ಯೂಟರೇ ಮಾಡುವಂತಾಯಿತು. ಮೋಡೆಮಿಗೆ ಆಜ್ಞೆ ಕೊಡುವ ಮುನ್ನ ‘ಗಮನವಿರಲಿ’ ಎನ್ನಲು ಅದು ಬಳಸಿದ ‘ಎಟಿ’ ಎಂಬ ಎರಡಕ್ಷರ ಇಂದಿಗೂ ಮೊಬೈಲ್ ಸಾಧನಗಳ ಒಳಗಿನ ಮೋಡೆಮ್‌ಗಳಲ್ಲಿ ಉಳಿದುಕೊಂಡಿದೆ. ವೇಗ ಮೆಟ್ಟಿಲು ಮೆಟ್ಟಿಲಾಗಿ ಏರಿ 1998ರ ಹೊತ್ತಿಗೆ ಸೆಕೆಂಡಿಗೆ 56,000 ಬಿಟ್ ತಲುಪಿ ಅಲ್ಲೇ ನಿಂತಿತು. ಅದಕ್ಕೆ ಕಾರಣವೂ ಸರಳ. ಆಧುನಿಕ ಎಕ್ಸ್‌ಚೇಂಜು ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದುಕೊಳ್ಳುತ್ತದೆ. ಒಟ್ಟು 64,000 ಬಿಟ್. ದನಿಯ ದಾರಿಯಲ್ಲಿ ಅದಕ್ಕಿಂತ ಹೆಚ್ಚಿಗೆ ಸಾಗಿಸಲು ಎಂಥ ಮೋಡೆಮಿಗೂ ಸಾಧ್ಯವಿರಲಿಲ್ಲ.

ನಮ್ಮ ಮನೆಗಳಿಗೆ ಬಂದ ಬಗೆ

ಭಾರತದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ನೆರಳಿನಲ್ಲಿ ಫೋನೆಂಬುದು ಸರ್ಕಾರದ ಸೊತ್ತಾಗಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಮನೆಗೆ ಇಲಾಖೆಯ ಕಪ್ಪು ಫೋನು ಬರುತ್ತಿತ್ತು. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಪಾಲುದಾರ ಕೇಂದ್ರವಾಗಿತ್ತು. ಆದರೆ ಆ ಸೌಲಭ್ಯ ವಿದ್ವಾಂಸರ ವಲಯಕ್ಕೆ ಸೀಮಿತ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಖಾಸಗಿ ಕಂಪನಿಗಳಿಗೆ ಅವಕಾಶವಾದದ್ದು 1998ರ ಕೊನೆಗೆ. ಮೋಡೆಮಿನ ಆ ಕಿರಿಚಾಟ, ಮನೆಯಲ್ಲಿ ಒಬ್ಬರು ಇಂಟರ್ನೆಟ್‌ನಲ್ಲಿದ್ದರೆ ಫೋನು ಸದಾ ಎಂಗೇಜ್ ಎಂಬ ನೆಂಟರ ದೂರು, ಇವೆಲ್ಲ ಅಂದಿನವರಿಗೆ ನೆನಪಿರಬಹುದು.

ಈ ಕಟ್ಟನ್ನು ಬಿಡಿಸಿದ್ದು ಎಡಿಎಸ್‌ಎಲ್ ಎಂಬ ತಂತ್ರ. ಅಮೆರಿಕದ ಜೋಸೆಫ್ ಲೆಕ್‌ಲೈಡರ್, ಜಾನ್ ಚೋಫಿ ಮೊದಲಾದವರು ಬೆಳೆಸಿದ ಈ ಉಪಾಯದಲ್ಲಿ ಮಾತು ಕೆಳಗಿನ ಪಟ್ಟಿಯಲ್ಲಿ ಎಂದಿನಂತೆ ಸಾಗುತ್ತದೆ. ಅದರ ಮೇಲೆ ತಾಮ್ರದ ತಂತಿಯಲ್ಲಿ ಖಾಲಿ ಬಿದ್ದಿದ್ದ ಹನ್ನೊಂದು ಲಕ್ಷ ಹರ್ಟ್ಸ್‌ವರೆಗಿನ ಜಾಗದಲ್ಲಿ ಅಂಕಿಗಳು ಸಾಗುತ್ತವೆ. ಮನೆಯವರು ಕಳಿಸುವುದಕ್ಕಿಂತ ತರಿಸಿಕೊಳ್ಳುವುದೇ ಹೆಚ್ಚು ಎಂಬ ಲೆಕ್ಕದಲ್ಲಿ ಒಳಬರುವ ದಾರಿಯನ್ನು ಅಗಲ ಮಾಡಲಾಗಿತ್ತು. 2004ರಲ್ಲಿ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಸೇವೆ ಆರಂಭವಾಯಿತು. ಆಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳುತ್ತಿತ್ತು. 2013ರಲ್ಲಿ ಅದು 512 ಕಿಲೋಬಿಟ್ ಆಯಿತು, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು.

ಎಡಿಎಸ್‌ಎಲ್‌ಗೆ ಒಂದು ಕೊರತೆ ಇತ್ತು. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಮೇಲಿನ ಶ್ರುತಿಗಳು ತಂತಿಯಲ್ಲೇ ಸೊರಗಿಹೋಗುತ್ತಿದ್ದವು. ಊರ ಹೊರಗಿನ ಮನೆಯವರು ಎಷ್ಟು ದುಬಾರಿ ಮೋಡೆಮ್ ತಂದರೂ ಪ್ರಯೋಜನ ಅಷ್ಟಕ್ಕಷ್ಟೆ. ಈಗ ಅನೇಕ ಮನೆಗಳಿಗೆ ಬಂದಿರುವುದು ಗಾಜಿನ ಎಳೆ, ಫೈಬರ್. ಅದರಲ್ಲಿ ಹರಿಯುವುದು ಬೆಳಕು. ಅದರ ತುದಿಯ ಡಬ್ಬಿ ಹಳೆಯ ಅರ್ಥದಲ್ಲಿ ಮೋಡೆಮೇ ಅಲ್ಲ, ಆದರೂ ಜನರ ಬಾಯಲ್ಲಿ ಆ ಹೆಸರು ಉಳಿದಿದೆ. ತಾಮ್ರ ಹೋಗಿ ಗಾಜು ಬಂದಾಗ ಹಳೆಯ ದುಭಾಷಿಯ ಕೆಲಸ ಮುಗಿಯಿತು. ಡಬ್ಬಿ ಮುದಿಯಾಗುವ ಮೊದಲ ಬಗೆ ಇದು. ಇದು ಎಲ್ಲರ ಕಣ್ಣಿಗೂ ಕಾಣುತ್ತದೆ.

ವಠಾರದ ಯಜಮಾನ

ರೂಟರಿನ ಕಥೆ 1969ಕ್ಕೆ ಹೋಗುತ್ತದೆ. ಇಂಟರ್ನೆಟ್‌ನ ಹಿರಿಯಣ್ಣನಾದ ಅರ್ಪಾನೆಟ್ ಜಾಲಕ್ಕಾಗಿ ಮ್ಯಾಸಚೂಸೆಟ್ಸಿನ ಬಿಬಿಎನ್ ಸಂಸ್ಥೆ ಬೀರುವಿನಷ್ಟು ದೊಡ್ಡ ಯಂತ್ರವೊಂದನ್ನು ಮಾಡಿಕೊಟ್ಟಿತು. ಮೊದಲನೆಯದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂತು. ಬಂದ ಸಂದೇಶದ ತುಣುಕಿನ ವಿಳಾಸ ನೋಡಿ ಮುಂದಿನ ದಾರಿಗೆ ಹತ್ತಿಸುವುದು ಅದರ ಕೆಲಸ. ನಮ್ಮ ಅಟ್ಟದ ಅಂಚಿನ ಡಬ್ಬಿ ಇಂದು ಮಾಡುತ್ತಿರುವುದೂ ಅದನ್ನೇ.

ಇಂಥ ಯಂತ್ರ ಮನೆಗೆ ಏಕೆ ಬೇಕಾಯಿತು? ಇಂಟರ್ನೆಟ್‌ನ ವಿಳಾಸಗಳು ಆಗ ಸುಮಾರು 430 ಕೋಟಿ ಮಾತ್ರ ಇದ್ದವು. ಜಗತ್ತಿನ ಪ್ರತಿಯೊಂದು ಸಾಧನಕ್ಕೂ ಒಂದೊಂದರಂತೆ ಕೊಟ್ಟರೆ ಸಾಲುತ್ತಿರಲಿಲ್ಲ. 1994ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಲಾಯಿತು. ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ. ಹೊರಗಿನ ಬಾಗಿಲಿಗೆ ಒಂದೇ ನಂಬರು, ಒಳಗೆ ಹತ್ತು ಸಂಸಾರ. ಅಂಚೆಯವನು ಕಾಗದಗಳನ್ನೆಲ್ಲ ಬಾಗಿಲಲ್ಲಿ ಕೊಟ್ಟು ಹೋದರೆ, ಯಾವುದು ಯಾರದೆಂದು ಹಂಚುವವನು ವಠಾರದ ಯಜಮಾನ. ಮನೆಯ ರೂಟರ್ ಆ ಯಜಮಾನ. ಅನೇಕ ಮನೆಗಳಲ್ಲಿ ಕಾಣುವ, 192.168 ಎಂದು ಆರಂಭವಾಗುವ ಸಂಖ್ಯೆಗಳು ವಠಾರದ ಒಳಮನೆಗಳ ನಂಬರುಗಳಿದ್ದಂತೆ.

ಅದಕ್ಕೆ ಕೊಂಬು ಮೂಡಿದ್ದು ವೈಫೈ ಬಂದ ಮೇಲೆ. 1985ರಲ್ಲಿ ಅಮೆರಿಕ ಕೆಲವು ರೇಡಿಯೋ ಪಟ್ಟಿಗಳನ್ನು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟುಕೊಟ್ಟಿದ್ದು ಅದಕ್ಕೆ ನೆಲೆ ಒದಗಿಸಿತು. 1997ರ ಮೊದಲ ಮಾನಕದಲ್ಲಿ ವೇಗ 2 ಮೆಗಾಬಿಟ್, 1999ರಲ್ಲಿ 11, 2003ರಲ್ಲಿ 54. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವೆಂದು ಅಧಿಸೂಚನೆ ಹೊರಡಿಸಿದ್ದು 2005ರ ಜನವರಿಯಲ್ಲಿ. ಆಮೇಲಿನ ಮಾನಕಗಳು ಸಾವಿರದ ಲೆಕ್ಕದಲ್ಲಿ ಮೆಗಾಬಿಟ್‌ಗಳನ್ನು ಮಾತಾಡುತ್ತವೆ. ಹೊಸ ಫೋನುಗಳು ಆಡುವ ಹೊಸ ರೇಡಿಯೋ ಭಾಷೆ ಹಳೆಯ ರೂಟರಿಗೆ ಬಾರದು. ಎರಡೂ ಸೇರಿದಾಗ ಹಳೆಯ ಭಾಷೆಯಲ್ಲೇ ನಿಧಾನವಾಗಿ ಮಾತು ಸಾಗುತ್ತದೆ. ಡಬ್ಬಿಗೆ ಬರುವ ಎರಡನೆಯ ಮುಪ್ಪು ಇದು. ಇದರಿಂದ ಕಿರಿಕಿರಿಯಾಗುತ್ತದೆಯೇ ಹೊರತು ಅಪಾಯವಿಲ್ಲ.

ಕಾಣದ ಮುಪ್ಪು

ಮೂರನೆಯದು ಹಾಗಲ್ಲ. ಅದನ್ನು ತಿಳಿಯಲು ಒಂದು ನೀಲಿ-ಕಪ್ಪು ಡಬ್ಬಿಯ ಕಥೆ ನೋಡಬೇಕು. 2002ರ ಕೊನೆಗೆ ಲಿಂಕ್‌ಸಿಸ್ ಕಂಪನಿಯ ‘ಡಬ್ಲ್ಯುಆರ್‌ಟಿ54ಜಿ’ ಎಂಬ ರೂಟರ್ ಮಾರುಕಟ್ಟೆಗೆ ಬಂತು. ಅದರೊಳಗಿದ್ದದ್ದು ಮುಕ್ತ ತಂತ್ರಾಂಶವಾದ ಲಿನಕ್ಸ್ ಎಂಬುದನ್ನು 2003ರಲ್ಲಿ ಕೆಲವರು ಪತ್ತೆ ಮಾಡಿದರು. ಲಿನಕ್ಸಿನ ಪರವಾನಗಿಯ ಷರತ್ತು ಸ್ಪಷ್ಟವಾಗಿತ್ತು. ಅದನ್ನು ಸೇರಿಸಿ ಮಾರಿದವರು ಅದರ ಮೂಲ ಸಂಕೇತವನ್ನೂ ಕೊಡಬೇಕು. ಒತ್ತಾಯ ಹೆಚ್ಚಿದಾಗ ಕಂಪನಿ ಅದನ್ನು ಬಹಿರಂಗಪಡಿಸಿತು. ಅದನ್ನೇ ಬುನಾದಿ ಮಾಡಿಕೊಂಡು 2004ರಲ್ಲಿ ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಯೋಜನೆ ಹುಟ್ಟಿತು. ಕಂಪನಿ ಕೈಬಿಟ್ಟ ಎಷ್ಟೋ ಮಾದರಿಗಳು ಈ ಸ್ವಯಂಸೇವಕರ ತಂತ್ರಾಂಶದಿಂದ ಇನ್ನಷ್ಟು ವರ್ಷ ಬಾಳಿದವು.

ಆ ಪ್ರಸಂಗ ಒಂದು ಸತ್ಯವನ್ನು ಹೊರಗೆಡವಿತು. ರೂಟರ್ ಎಂದರೆ ತಗಡು, ತಂತಿಗಳ ಡಬ್ಬಿಯಲ್ಲ. ಸದಾ ಎಚ್ಚರವಿರುವ ಒಂದು ಸಣ್ಣ ಕಂಪ್ಯೂಟರು. ಅದರ ತಂತ್ರಾಂಶದಲ್ಲಿ ತಪ್ಪುಗಳಿರುತ್ತವೆ, ಅವನ್ನು ಯಾರಾದರೂ ತಿದ್ದುತ್ತಿರಬೇಕು. ತಿದ್ದುವವರು ಕೆಲಸ ನಿಲ್ಲಿಸಿದ ದಿನವೇ ಅದು ಹಳೆಯದಾಯಿತು. ಆದರೆ ಅಂದೂ ಹಸಿರು ದೀಪಗಳು ಎಂದಿನಂತೆ ಮಿನುಗುತ್ತವೆ.

ಇದರಿಂದ ಆದ ಅನಾಹುತಗಳು ಸಣ್ಣವಲ್ಲ. ವೈಫೈಗೆ ಮೊದಲು ಹಾಕಿದ್ದ ‘ಡಬ್ಲ್ಯುಇಪಿ’ ಎಂಬ ಬೀಗವನ್ನು ತೆರೆಯುವ ದಾರಿಯನ್ನು 2001ರಲ್ಲೇ ಸಂಶೋಧಕರು ತೋರಿಸಿದ್ದರು. ಆದರೂ ಅನೇಕ ಮನೆಗಳಲ್ಲಿ ವರ್ಷಗಟ್ಟಲೆ ಅದೇ ಬೀಗ ಉಳಿಯಿತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಕೂರಿಸಿದ ಸುಮಾರು 60 ಗುಪ್ತಪದಗಳನ್ನು ಒಂದೊಂದಾಗಿ ಪ್ರಯತ್ನಿಸಿ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಅದರ ಒಂದು ರೂಪಾಂತರದ ದಾಳಿಯಿಂದ ಜರ್ಮನಿಯಲ್ಲಿ ಸುಮಾರು 9 ಲಕ್ಷ ಮನೆಗಳ ಸಂಪರ್ಕ ಅಸ್ತವ್ಯಸ್ತವಾಯಿತು. ಕರ್ನಾಟಕವೂ ಇದರಿಂದ ದೂರ ಉಳಿಯಲಿಲ್ಲ. 2017ರ ಜುಲೈನಲ್ಲಿ ಇಂಥದೇ ದಾಳಿಯಿಂದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಕೆಲಸ ನಿಲ್ಲಿಸಿದವು. ಬದಲಾಯಿಸದೆ ಬಿಟ್ಟಿದ್ದ ಮೂಲ ಗುಪ್ತಪದವೇ ದಾಳಿಗೆ ದಾರಿಯಾಗಿತ್ತು. ಗುಪ್ತಪದ ಬದಲಿಸಿಕೊಳ್ಳಿರೆಂದು ನಿಗಮ ಗ್ರಾಹಕರನ್ನು ಕೇಳಿಕೊಂಡಿತು.

2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಇನ್ನೊಂದು ಎಚ್ಚರಿಕೆ ಹೊರಡಿಸಿತು. ತಯಾರಕರು ಕೈಬಿಟ್ಟ ಹಳೆಯ ರೂಟರ್‌ಗಳನ್ನು ಅಪರಾಧಿಗಳು ಹಿಡಿದುಕೊಂಡು, ತಮ್ಮ ಗುರುತು ಮರೆಸಲು ಬಳಸುತ್ತಿದ್ದಾರೆ ಎಂದು ಅದು ತಿಳಿಸಿತು. ಎಂದರೆ ಕಳ್ಳತನ ಮಾಡಿದವನು ಯಾರೋ, ಪೊಲೀಸರ ಕೈಗೆ ಸಿಗುವ ವಿಳಾಸ ಇನ್ಯಾರದೋ ಮನೆಯದು. ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ, ಏಕೆಂದರೆ ಇಂಟರ್ನೆಟ್ ಚೆನ್ನಾಗಿಯೇ ನಡೆಯುತ್ತಿರುತ್ತದೆ.

ಹಕ್ಕಿನ ಜೊತೆಗೆ ಹೊಣೆ

1968ರಲ್ಲಿ ಎದ್ದಿದ್ದ ಪ್ರಶ್ನೆ ಈಗ ಹೊಸ ರೂಪದಲ್ಲಿ ಮರಳಿದೆ. ಕಂಪನಿ ಕೊಟ್ಟ ರೂಟರನ್ನೇ ಬಳಸಬೇಕೆಂಬ ಒತ್ತಾಯವನ್ನು ಜರ್ಮನಿ 2016ರ ಆಗಸ್ಟ್ 1ರಿಂದ ಕಾನೂನಿನ ಮೂಲಕ ತೆಗೆದುಹಾಕಿತು. ಕಂಪನಿಯ ಜಾಲ ಗೋಡೆಯ ಸಾಕೆಟ್ಟಿಗೆ ಮುಗಿಯುತ್ತದೆ, ಅದರಿಂದೀಚೆಗಿನದು ಮನೆಯವರ ಆಯ್ಕೆ ಎಂಬುದು ಅದರ ತಿರುಳು. ಬ್ರಿಟನ್ ಇನ್ನೊಂದು ತುದಿಯಿಂದ ಹೊರಟಿತು. ಎಲ್ಲ ಡಬ್ಬಿಗಳಿಗೂ ಒಂದೇ ಗುಪ್ತಪದ ಇಟ್ಟು ಮಾರುವಂತಿಲ್ಲ, ಕನಿಷ್ಠ ಎಲ್ಲಿಯವರೆಗೆ ಸುರಕ್ಷತೆಯ ತಿದ್ದುಪಡಿ ಕೊಡುತ್ತೀರೆಂದು ಹೇಳಲೇಬೇಕು ಎಂಬ ಕಾನೂನು ಅಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದಿದೆ. ಯೂರೋಪ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ತಿದ್ದುಪಡಿ ಒದಗಿಸಬೇಕೆಂಬುದು ಅದರ ನಿಯಮ. ಅದರ ಮುಖ್ಯ ಷರತ್ತುಗಳು ಅನ್ವಯಿಸುವುದು 2027ರ ಡಿಸೆಂಬರಿನಿಂದ.

ಈ ಮೂರು ಮುಪ್ಪುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಮನೆಯವರು ಅನವಶ್ಯಕ ಖರ್ಚನ್ನೂ ತಪ್ಪಿಸಬಹುದು, ಅಪಾಯವನ್ನೂ ತಪ್ಪಿಸಬಹುದು. ವೇಗ ಕುಗ್ಗಿದಾಗ ಮೊದಲು ಕಂಪ್ಯೂಟರನ್ನು ತಂತಿಯಿಂದಲೇ ರೂಟರಿಗೆ ಸೇರಿಸಿ ನೋಡಬೇಕು. ಆಗಲೂ ನಿಧಾನವಾದರೆ ದೋಷ ಹೊರಗಿನ ಸಂಪರ್ಕದಲ್ಲಿ ಇರುವ ಸಂಭವ ಹೆಚ್ಚು. ತಂತಿಯಲ್ಲಿ ಸರಿಯಿದ್ದು ವೈಫೈನಲ್ಲಿ ಮಾತ್ರ ನಿಧಾನವಾದರೆ ಡಬ್ಬಿಯ ಜಾಗ ಬದಲಾಯಿಸಿದರೂ ಸಾಕಾಗಬಹುದು. ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ನೀರು ತುಂಬಿದ ತೊಟ್ಟಿ, ಕಬ್ಬಿಣದ ಬೀರು ಇವು ರೇಡಿಯೋ ಅಲೆಗಳಿಗೆ ಅಡ್ಡಬರುತ್ತವೆ. ಆದರೆ ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೂ ಡಬ್ಬಿಯ ತಳದಲ್ಲಿರುವ ಮಾದರಿಯ ಹೆಸರು ನೋಡಿ, ತಯಾರಕರು ಅದಕ್ಕೆ ಕಡೆಯ ತಿದ್ದುಪಡಿ ಕೊಟ್ಟದ್ದು ಯಾವಾಗ ಎಂದು ವಿಚಾರಿಸಬೇಕು. ಹಲವು ವರ್ಷಗಳಿಂದ ಏನೂ ಬಂದಿಲ್ಲವೆಂದಾದರೆ, ಮುಕ್ತ ತಂತ್ರಾಂಶ ಹಾಕಿಸಲು ಬರುತ್ತದೆಯೇ ಎಂದು ಕೇಳಬಹುದು. ಅದೂ ಆಗದಿದ್ದರೆ ಬದಲಾಯಿಸುವುದೇ ಸರಿ. ಕೈಬಿಟ್ಟ ಡಬ್ಬಿಯನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಕೊಡುವ ಮುನ್ನ ಅದರೊಳಗೆ ನಾವು ತುಂಬಿದ ಹೆಸರು, ಗುಪ್ತಪದಗಳನ್ನು ಅಳಿಸಿಹಾಕಬೇಕು.

ಔಷಧದ ಪಟ್ಟಿಯ ಮೇಲೆ, ಗ್ಯಾಸ್ ಸಿಲಿಂಡರಿನ ಕೊರಳಿನಲ್ಲಿ ಗಡುವು ಬರೆದಿರುವುದನ್ನು ನಾವು ಬಲ್ಲೆವು. ಅದು ಮಾರುವವರ ಔದಾರ್ಯದಿಂದ ಬಂದದ್ದಲ್ಲ, ನಿಯಮದಿಂದ ಬಂದದ್ದು. ಮನೆಯ ಎಲ್ಲರ ಮಾತು, ಪತ್ರ, ಹಣದ ವ್ಯವಹಾರಗಳೆಲ್ಲ ಹಾದುಹೋಗುವ ಡಬ್ಬಿಯ ಮೇಲೂ ಅಂಥ ಒಂದು ತಾರೀಖು ಇರಬೇಕೆಂದು ಕೇಳುವುದರಲ್ಲಿ ಅತಿಯಾಸೆಯೇನೂ ಇಲ್ಲ. ಹೊಸ ರೂಟರ್ ಕೊಳ್ಳಲು ಹೋದಾಗ ಎಷ್ಟು ಕೊಂಬಿದೆ, ಎಷ್ಟು ಮೆಗಾಬಿಟ್ ಎಂದು ಎಲ್ಲರೂ ವಿಚಾರಿಸುತ್ತಾರೆ. ಇದಕ್ಕೆ ಎಷ್ಟು ವರ್ಷ ತಿದ್ದುಪಡಿ ಕೊಡುತ್ತೀರಿ ಎಂದೂ ಅಂಗಡಿಯವರನ್ನು ಕೇಳಬೇಕು. ಕೇಳುವವರು ಹೆಚ್ಚಾದರೆ ಉತ್ತರ ಕೊಡುವವರೂ ಹುಟ್ಟಿಕೊಳ್ಳುತ್ತಾರೆ.